ರಬಾಳೆಯ ಕಲ್ಲನ್ನು ಓದಿದ ದೊಡ್ಡಮ್ಮ

ದೊಡ್ಡಮ್ಮನ ಎರಡು ಮಣಿಕಟ್ಟುಗಳು ಒಂದೇ ಅಳತೆಯವಾಗಿರಲಿಲ್ಲ. ಎಡಗೈಗೆ ಸಲೀಸಾಗಿ ಏರುವ ಬಳೆ ಬಲಗೈಯ ಗೆಣ್ಣಿನ ಬಳಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮುಂಬಯಿ ಪಕ್ಕದ ನೆರೂಳ ಸ್ಟೇಷನ್ನಿನ ಎದುರಿನ ಬಳೆ ಅಂಗಡಿಯವಳು ಅವರಿಗಾಗಿ ಒಂದೇ ಬಣ್ಣದ ಎರಡು ಡಜನ್ ಬಿಚ್ಚಿ, ದೊಡ್ಡದರಲ್ಲಿ ಆರು, ಚಿಕ್ಕದರಲ್ಲಿ ಆರು ಕೊಡಬೇಕಾಗುತ್ತಿತ್ತು. ಪ್ರತಿ ಸಲವೂ ಗೊಣಗುತ್ತಿದ್ದಳು. "ಚಿಕ್ಕಂದಿನಲ್ಲಿ ಕಲ್ಲು ಬಡಿದ ಕೈ ಕಣೇ ಇದು" ಎಂದು ದೊಡ್ಡಮ್ಮ ನನಗೆ ಹೇಳಿದಾಗ, ಪಾಪ, ಎಲ್ಲೋ ಜಲ್ಲಿ ಒಡೆದು ಬೆಳೆದವರಿರಬೇಕು ಎಂದು ನಾನು ಒಂದು ವಾರ ಮರುಗಿದ್ದೆ.

ಆಮೇಲೆ ಗೊತ್ತಾಯಿತು. ಅವರ ತಂದೆಗೆ ಮೈಸೂರಿನ ಒಂದು ಕಚೇರಿಯಲ್ಲಿ ಊರೂರು ತಿರುಗಿ ಶಾಸನಗಳ ಅಚ್ಚು ತೆಗೆಯುವ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಒಂದೇ ಸಮನೆ ಬಡಿಯಬೇಕು. ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಕೂರುತ್ತದೆ. ಅರೆಬರೆ ಒಣಗಿದ ಮೇಲೆ ಮಸಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ತಾಯಿಯಿಲ್ಲದ ಮಗಳನ್ನು ಯಾರ ಮನೆಯಲ್ಲಿ ಬಿಡುವುದೆಂದು ತಂದೆ ಜೊತೆಗೇ ಕರೆದೊಯ್ಯುತ್ತಿದ್ದರಂತೆ. ಹತ್ತು ವರ್ಷಕ್ಕೆ ಬ್ರಷ್ ಹಿಡಿದ ಕೈ ಅದು.

ನನಗೂ ಅವರಿಗೂ ರಕ್ತಸಂಬಂಧವಿಲ್ಲ. ನಾನು ಮದುವೆಯಾಗಿ ಉಡುಪಿ ಕಡೆಯಿಂದ ನೆರೂಳಿಗೆ ಬಂದಾಗ ಎದುರಿನ ಫ್ಲ್ಯಾಟಿನಲ್ಲಿದ್ದವರು ಅವರು ಮತ್ತು ಬ್ಯಾಂಕಿನಿಂದ ನಿವೃತ್ತರಾದ ಅವರ ಯಜಮಾನರು. ಮಕ್ಕಳಿರಲಿಲ್ಲ. ಮೊದಲ ದಿನವೇ ದೊಡ್ಡಮ್ಮ, ದೊಡ್ಡಪ್ಪ ಎಂದು ಕರೆದೆ, ಅದೇ ಉಳಿಯಿತು. ಬಿಲ್ಡಿಂಗಿನವರಿಗೆ ಅವರ ಮೇಲೆ ಭಯವಿತ್ತು. ಡಾಕ್ಟರ ಚೀಟಿಯಲ್ಲಿ ಒಂದಕ್ಷರ ಅಸ್ಪಷ್ಟವಾಗಿದ್ದರೂ ಅವರು ಊಹಿಸುತ್ತಿರಲಿಲ್ಲ, ಮತ್ತೆ ಬರೆಸಿ ತಾ ಎಂದು ವಾಪಸ್ ಅಟ್ಟುತ್ತಿದ್ದರು. "ಕಾಣದೇ ಇರೋ ಅಕ್ಷರಾನ ಕಾಣಿಸ್ತು ಅನ್ನೋನಿಗಿಂತ ಕುರುಡ ವಾಸಿ" ಎಂಬುದು ಅವರ ಮಾತು. ತಂದೆಯಿಂದ ಬಂದದ್ದಂತೆ.

ಅವರ ಈ ಹಟ ಎಷ್ಟು ದೂರ ಹೋಗಬಲ್ಲದೆಂದು ನಾನು ಕಣ್ಣಾರೆ ಕಂಡದ್ದು ಡೊಂಬಿವಲಿಯಲ್ಲಿ. ಅಲ್ಲಿನ ಒಂದು ಕನ್ನಡ ಸಂಘದವರು 'ಥಾಣೆಯನ್ನು ಆಳಿದ ಅರಸರು' ಎಂದು ಭಾಷಣಕ್ಕೆ ಕರೆದಿದ್ದರು. ದೊಡ್ಡಮ್ಮ ಶಿಲಾಹಾರರ ಮೂಲದ ಕತೆ ಹೇಳಿದರು. ಆ ಅರಸರು ತಾವು ಒಬ್ಬ ವಿದ್ಯಾಧರ ರಾಜಕುಮಾರನ ವಂಶದವರು ಎಂದುಕೊಳ್ಳುತ್ತಿದ್ದರು. ಗರುಡನಿಗೆ ಆಹಾರವಾಗಬೇಕಿದ್ದ ನಾಗನನ್ನು ಉಳಿಸಲು ಆ ರಾಜಕುಮಾರ ತಾನೇ ಹೋಗಿ ಬಂಡೆಯ ಮೇಲೆ ಮಲಗಿದನಂತೆ. ಶಿಲೆಯ ಮೇಲಿನ ಆಹಾರ, ಅದಕ್ಕೇ ಶಿಲಾಹಾರ. ಒಳನಾಡಿನಲ್ಲಿ ಎಲ್ಲೋ ಇದ್ದ ತಗರ ಎಂಬ ಪಟ್ಟಣದ ಒಡೆಯರು ಎಂಬ ಬಿರುದನ್ನೂ ಇಟ್ಟುಕೊಂಡಿದ್ದರು. "ಇದೆಲ್ಲ ಆಮೇಲೆ ಕಟ್ಟಿದ್ದು. ನಮಗೆ ಗೊತ್ತಿರೋದು ಇಷ್ಟೇ. ರಾಷ್ಟ್ರಕೂಟರು ಕೊಂಕಣ ಗೆದ್ದು ತಮ್ಮ ಕೈಕೆಳಗಿನ ಒಬ್ಬನಿಗೆ ವಹಿಸಿದರು. ಅವನ ಹೆಸರು ಕಪರ್ದಿ. ಅವನು ಎಲ್ಲಿಯವನು, ಮನೇಲಿ ಯಾವ ಭಾಷೆ ಆಡ್ತಿದ್ದ, ಗೊತ್ತಿಲ್ಲ."

ಸಭೆ ಚಡಪಡಿಸಿತು. ಹೊರನಾಡಿನವರೆಂದು ಇಲ್ಲಿಯ ಜನ ಮುಖ ತಿರುಗಿಸಿಕೊಳ್ಳುತ್ತಿದ್ದ ವರ್ಷಗಳು ಅವು. ಈ ನೆಲದ ಮೊದಲ ರಾಜ ನಮ್ಮವನೇ ಎಂಬ ಒಂದು ಮಾತಿಗಾಗಿ ಎಲ್ಲರೂ ಕಾದಿದ್ದರು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದುಕೊಂಡೇ ಕೇಳಿದರು: "ಕನ್ನಡ ಸಾಮ್ರಾಟರು ಕಳಸಿದವ ಅಂದ್ರ ಕನ್ನಡದವನ ಆಗಿರಬೇಕಲ್ರಿ, ಅಮ್ಮಾರ?" ದೊಡ್ಡಮ್ಮ "ಆಗಿರಬಹುದು. ಆದರೆ ಗೊತ್ತಿಲ್ಲ" ಎಂದು ಕುಳಿತುಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಲು ಹೊದಿಸಿದರು, ಆದರೆ ಉಪ್ಪಿಟ್ಟು ತಿನ್ನುವಾಗ ನಮ್ಮ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ವಾಪಸ್ ಬರುವ ಲೋಕಲ್ಲಿನಲ್ಲಿ ನಾನು ಸಿಡುಕಿದೆ. "ಎಂತ ದೊಡ್ಡಮ್ಮ, ಹೌದು ಅಂದಿದ್ರೆ ಎಂತ ಹೋಗ್ತಿತ್ತು ನಿಮ್ದು?"

ಅವರು ಹೊದಿಸಿದ್ದ ಶಾಲನ್ನು ಮಡಚಿ ಚೀಲಕ್ಕೆ ಹಾಕಿದರು. "ನನಗೂ ಆಸೆ ಇದೆ ಕಣೇ. ಅಪ್ಪನಿಗೂ ಇತ್ತು. ಆ ಮೊದಲನೇ ಒಂದೆರಡು ತಲೆಮಾರಿನವರ ಒಂದು ಕಲ್ಲು, ಯಾರೂ ನೋಡದೇ ಇರೋದು, ನನ್ನ ಕೈಗೆ ಸಿಗಲಿ ಅಂತ. ಆಸೆ ಇರೋದಕ್ಕೇ ಬಾಯಿ ಬಿಗಿ ಹಿಡೀಬೇಕು."

ಆ ಕಲ್ಲು ಸಿಕ್ಕಿದ್ದು ನನಗೆ. ನಾನು ಆಗ ನೆರೂಳಿನಿಂದ ಸ್ವಲ್ಪ ದೂರದ ರಬಾಳೆಯಲ್ಲಿ, ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೆ. ಮೇ ಕೊನೆಯ ವಾರ. ಮಳೆಗೆ ಮುಂಚೆ ಹೊಸ ಶೆಡ್ಡಿನ ಬುನಾದಿ ಮುಗಿಯಬೇಕೆಂದು ಹಿಂದಿನ ಜಾಗವನ್ನು ಅಗೆಯುತ್ತಿದ್ದರು. ಗಂಡಸರೆಲ್ಲ ಗುಂಪುಗೂಡಿ ನಗುತ್ತಿದ್ದುದನ್ನು ಕಂಡು ನಾನೂ ಇಣುಕಿದೆ. ಎದೆಮಟ್ಟದ ಕಲ್ಲು. ಮೇಲೆ ಸೂರ್ಯ, ಚಂದ್ರ. ನಡುವೆ ಸವೆದ ಅಕ್ಷರದ ಸಾಲುಗಳು. ಕೆಳಗೆ ಒಂದು ಕತ್ತೆ ಮತ್ತು ಒಬ್ಬ ಹೆಂಗಸು. ಅವರಿಬ್ಬರ ಸಂಗತಿಯನ್ನು ನಾನು ಇಲ್ಲಿ ಬರೆಯಲಾರೆ. ಕಣ್ಣು ಬೇರೆಡೆ ಇಟ್ಟು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡೆ.

ಸಂಜೆ ಅದನ್ನು ತೋರಿಸಿದರೆ ದೊಡ್ಡಮ್ಮನಿಗೆ ನಾಚಿಕೆಯೇನೂ ಆಗಲಿಲ್ಲ. "ಶಾಪ ಕಣೇ. ಈ ದಾನಕ್ಕೆ ಕೈ ಹಾಕಿದವನ ತಾಯಿಗೆ ಈ ಗತಿ ಅಂತ" ಎಂದರು. ಕತ್ತೆಯ ಕಲ್ಲುಗಳು ಸಾಮಾನ್ಯವಾಗಿ ತಡವಾದ ಕಾಲದವು ಎಂದೂ ಹೇಳಿದರು. ಆಮೇಲೆ ಫೋಟೊವನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಆದರೆ ಈ ಅಕ್ಷರದ ತಲೆ ನೋಡು. ಇದು ಹಳೇದಿರಬಹುದು. ಇರಬಹುದು, ಅಷ್ಟೇ. ಫೋಟೊದಲ್ಲಿ ಸಾಲು ಓದೋಕಾಗಲ್ಲ, ಅಚ್ಚೇ ತೆಗೀಬೇಕು. ಭಾನುವಾರ ಬರ್ತೀನಿ. ಅಲ್ಲೀತನಕ ಯಾರಿಗೂ ಮುಟ್ಟೋಕೆ ಬಿಡಬೇಡ." ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ನನಗೆ ಚೆನ್ನಾಗಿ ನೆನಪಿದೆ.

ಶುಕ್ರವಾರ ಮಧ್ಯಾಹ್ನ ನಮ್ಮ ಸಾಹೇಬರು ಕಂತ್ರಾಟುದಾರನಿಗೆ ಹೇಳುವುದು ನನ್ನ ಕಿವಿಗೆ ಬಿತ್ತು: "ಕಿಸೀ ಕೋ ಪತಾ ಚಲಾ ತೋ ಪೂರಾ ಕಾಮ್ ಬಂದ್ ಕರಾ ದೇಂಗೆ. ಆಜ್ ಹೀ ತೋಡ್ ಕೇ ನೀವ್ ಮೇಂ ಡಾಲ್ ದೋ." ಸುದ್ದಿ ಹೊರಗೆ ಹೋದರೆ ಕೆಲಸವೇ ನಿಲ್ಲುತ್ತದೆ, ಊಟದ ಬಿಡುವು ಮುಗಿದ ಕೂಡಲೇ ಒಡೆದು ಬುನಾದಿಗೆ ತುಂಬುವುದು ಎಂದು ತೀರ್ಮಾನ. ದೊಡ್ಡಮ್ಮನ ಮನೆಗೆ ಫೋನು ಮಾಡಿದೆ, ಎತ್ತಲಿಲ್ಲ. ಭಾನುವಾರದ ಕೆಲಸಕ್ಕೆ ಬೇಕಾದ ಕಾಗದ ಹುಡುಕಿಕೊಂಡು ಅವರಿಬ್ಬರೂ ಮುಂಬಯಿಗೆ ಹೋಗಿದ್ದರು. ಮೊಬೈಲು ಅವರಲ್ಲಿರಲಿಲ್ಲ. ಉಳಿದದ್ದು ನಲವತ್ತು ನಿಮಿಷ.

ನಮ್ಮೂರಿನಲ್ಲಿ ಕಲ್ಲನ್ನು ಉಳಿಸುವ ದಾರಿ ಒಂದೇ. ಅದಕ್ಕೆ ಎಣ್ಣೆ ಹಾಕಿ ಕೈ ಮುಗಿದರೆ ಮುಗಿಯಿತು, ಆಮೇಲೆ ಅದರ ತಂಟೆಗೆ ಯಾವ ಗಂಡಸೂ ಬರುವುದಿಲ್ಲ. ನಾನು ಸ್ಟೇಷನ್ ಹತ್ತಿರದ ಅಂಗಡಿಗೆ ಓಡಿದೆ. ಒಂದು ಲೀಟರ್ ಎಣ್ಣೆ, ಕೇಸರಿ ಸಿಂಧೂರದ ದೊಡ್ಡ ಪೊಟ್ಟಣ, ತೆಂಗಿನಕಾಯಿ, ಗೊಂಡೆ ಹಾರ. ನಮ್ಮಲ್ಲಿ ಗುಡಿಸುವ ಕೆಲಸಕ್ಕಿದ್ದ ಮೌಶಿಯನ್ನು ಜೊತೆಗೆ ಎಳೆದುಕೊಂಡೆ. ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಸೂರ್ಯಚಂದ್ರರಿಂದ ಹಿಡಿದು ಕತ್ತೆಯ ಗೊರಸಿನವರೆಗೆ ಇಬ್ಬರೂ ಬಳಿದೆವು. ಒಂದು ಸಾಲನ್ನೂ ಬಿಡಲಿಲ್ಲ. ಕೆಳಗಿನ ಅಸಹ್ಯಕ್ಕೆ ಮೌಶಿ ತನ್ನ ಚೀಲದಿಂದ ಹಸಿರು ರವಿಕೆ ಕಣವೊಂದನ್ನು ತೆಗೆದು ಉಡಿಸಿದಳು. ಜೆಸಿಬಿಯವನು ಬಂದ, ನೋಡಿದ, ಚಪ್ಪಲಿ ಕಳಚಿದ. "ಮೀ ನಾಹೀ ಹಾತ್ ಲಾವಣಾರ್", ನಾನು ಇದನ್ನು ಮುಟ್ಟುವುದಿಲ್ಲ, ಎಂದು ಗಾಡಿಯಿಂದ ಕೀಲಿ ಕಿತ್ತುಕೊಂಡು ಹೋದ. ಸಾಹೇಬರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅಷ್ಟರಲ್ಲಿ ಕೆಲಸಗಾರರೆಲ್ಲ ಕೈ ಮುಗಿದು ನಿಂತಿದ್ದರಿಂದ ಅವರೂ ಮುಗಿದರು. ಶೆಡ್ಡು ಹತ್ತಡಿ ಆಚೆ ಸರಿಯಿತು. ನಾನು ಯುದ್ಧ ಗೆದ್ದವಳಂತೆ ಮನೆಗೆ ಹೋದೆ. ದೊಡ್ಡಮ್ಮನಿಗೆ ಹೇಳಲಿಲ್ಲ, ಭಾನುವಾರ ನೋಡಿ ಅವರೇ ಬೆನ್ನು ತಟ್ಟಲಿ ಎಂಬ ಜಂಬ.

ಭಾನುವಾರ ಬ್ರಷ್ಷು, ಮಸಿ, ಕಾಗದದ ಸುರುಳಿ ಹಿಡಿದು ಅವರು ಬಂದರು. ಕಲ್ಲಿನ ಮುಂದೆ ನಿಂತರು. ಒಂದು ಬೆರಳು ಚಾಚಿ ಮುಟ್ಟಿ, ಅದನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು.

"ಎಣ್ಣೆ" ಎಂದರು. "ಯಾರು ಹಾಕಿದ್ದು?"

"ನಾನೇ ದೊಡ್ಡಮ್ಮ. ಒಡೀಲಿಕ್ಕೆ ಬಂದಿದ್ರು. ಉಳಿಸ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ."

ಎಣ್ಣೆ ಕುಡಿದ ಕಲ್ಲಿಗೆ ಒದ್ದೆ ಕಾಗದ ಅಂಟುವುದಿಲ್ಲ. ಅಕ್ಷರದ ತಗ್ಗುಗಳೆಲ್ಲ ಸಿಂಧೂರದಿಂದ ಮೆತ್ತಿ ಮುಚ್ಚಿಹೋಗಿದ್ದವು. ಇದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ, ಅವರ ಮುಖ ನೋಡಿದಾಗ. ದೊಡ್ಡಮ್ಮ ಸೀಗೆಪುಡಿ ಇದೆಯೇ, ಬಿಸಿನೀರು ಸಿಗುತ್ತದೆಯೇ ಎನ್ನುತ್ತ ಸೆರಗು ಸಿಕ್ಕಿಸಿ ಬ್ರಷ್ಷು ಎತ್ತಿದರು. ಪೂಜೆಗೆಂದು ಬಂದಿದ್ದ ಏಳೆಂಟು ಜನ ಎದ್ದು ಸುತ್ತುವರಿದರು. "ಏ ಬಾಯೀ! ದೇವೀಲಾ ಘಾಸೂ ನಕಾ!" ಎಂದು ಒಬ್ಬ ಕೂಗಿದ. ದೇವಿಯನ್ನು ಉಜ್ಜಬೇಡ! ಇನ್ನೊಬ್ಬ ಇವರು ಎಲ್ಲಿಯವರು, ಬಾಹೇರ್ಚೇ ಕಾ, ಹೊರಗಿನವರೇ, ಎಂದು ಕೇಳಿದ. ದೊಡ್ಡಮ್ಮ ಬ್ರಷ್ಷು ಇಳಿಸಲಿಲ್ಲ. ಅವನು ಕೈ ಮುಂದೆ ಮಾಡಿದ. ಮೌಶಿ ನಡುವೆ ನುಗ್ಗದಿದ್ದರೆ ಏನಾಗುತ್ತಿತ್ತೋ. ಎರಡು ದಿನದ ಹಿಂದೆ ನಾನೇ ಹುಟ್ಟಿಸಿದ ದೇವಿ ಅದು, ಆಗಲೇ ಅವಳಿಗೊಂದು ಸೈನ್ಯವಿತ್ತು.

ಮನೆ ಬಾಗಿಲಿಗೆ ಬಂದ ಮೇಲೆ ದೊಡ್ಡಮ್ಮ ಒಂದೇ ಮಾತು ಹೇಳಿದರು: "ಕಲ್ಲು ಉಳಿಸಿದೆ ಕಣೇ. ಓದೋದನ್ನ ಕೊಂದೆ." ಬಾಗಿಲು ಹಾಕಿಕೊಂಡರು. ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನಾನು ಅತ್ತೆ. ಅತ್ತದ್ದಕ್ಕಿಂತ ಹೆಚ್ಚು ಸಿಟ್ಟಾದೆ. ಪ್ರಾಣ ಪಣಕ್ಕಿಟ್ಟು ಉಳಿಸಿದ್ದಕ್ಕೆ ಇದೇ ಬಹುಮಾನವೇ ಎಂದು ಗಂಡನ ಹತ್ತಿರ ಹಾರಾಡಿದೆ.

ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ದೊಡ್ಡಮ್ಮ, ಕೈಯಲ್ಲಿ ಬ್ರಷ್ಷು. "ಹಿಡಿ. ಇವತ್ತಿಂದ ಕಲಿ" ಎಂದರು. ಸಿಂಧೂರವನ್ನು ಪದರದ ಮೇಲೆ ಪದರ ಬಳಿಯುತ್ತ ಹೋದರೆ ಅದು ದಪ್ಪವಾಗಿ, ಒಂದು ದಿನ ತಾನಾಗಿ ಚಿಪ್ಪಿನಂತೆ ಕಳಚಿ ಬೀಳುತ್ತದೆ. ಜನ ಅದನ್ನು ಕವಚ ಎನ್ನುತ್ತಾರೆ, ನೀರಿಗೆ ಬಿಡುತ್ತಾರೆ. ಹೊಸದು ಬಳಿಯುವ ತನಕ ಒಂದೆರಡು ತಾಸು ಕಲ್ಲು ಬರಿಮೈಯಲ್ಲಿರುತ್ತದೆ. ತಂದೆಯ ಜೊತೆ ತಿರುಗುವಾಗ ಅವರು ಅದನ್ನು ನೋಡಿದ್ದರಂತೆ. "ಯಾವತ್ತು ಬೀಳುತ್ತೋ ಗೊತ್ತಿಲ್ಲ. ಅವತ್ತು ನನ್ನ ಮಂಡಿ ನೆಟ್ಟಗಿರಲ್ಲ. ಮುಚ್ಚಿದವಳೇ ತೆಗೀಬೇಕು."

ಎಂಟು ವರ್ಷ ಕಲಿತೆ. ನಮ್ಮ ಬಿಲ್ಡಿಂಗಿನ ಕೆಳಗೆ ಉದ್ಘಾಟನೆಯ ಅಮೃತಶಿಲೆಯ ಫಲಕವಿತ್ತು. ಅದರ ಅಚ್ಚನ್ನು ನೂರು ಸಲವಾದರೂ ತೆಗೆದಿದ್ದೇನೆ. ಸೊಸೈಟಿಯ ಕಾರ್ಯದರ್ಶಿ ನಮಗೆ ನೋಟಿಸು ಕೊಟ್ಟ. ಕಾರ್ಪೊರೇಟರರ ಹೆಸರಿಗೆ ಮಸಿ ಬಳಿಯುತ್ತಿದ್ದೀರಿ ಎಂಬುದು ಅವನ ದೂರು. ದೊಡ್ಡಮ್ಮ ಹಿಂದೆ ಬೆತ್ತದ ಮೋಡಾ ಹಾಕಿಕೊಂಡು ಕೂತು ಕಣ್ಣು ಮುಚ್ಚಿ ಬಡಿತದ ಸದ್ದನ್ನೇ ಕೇಳುತ್ತಿದ್ದರು. "ಮೇಲೆ ಹೊಡೀತಿದೀಯ. ಒಳಗೆ ಹೊಡಿ" ಎನ್ನುತ್ತಿದ್ದರು. ಹಳೆಯ ಲಿಪಿ ಓದುವುದನ್ನು ಮಾತ್ರ ಕಲಿಸಲಿಲ್ಲ. ಅದಕ್ಕೆ ನೀನು ಇನ್ನೊಂದು ಜನ್ಮ ಎತ್ತಬೇಕು ಎಂದು ನಕ್ಕುಬಿಡುತ್ತಿದ್ದರು. ಆ ಭಾನುವಾರದ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ರಬಾಳೆಯ ದೇವಿಗೆ ಪ್ರತಿ ಅಮಾವಾಸ್ಯೆ ಹೊಸ ಬಣ್ಣ ಬೀಳುವುದನ್ನು ಆಫೀಸಿನ ಕಿಟಕಿಯಿಂದ ನೋಡುವಾಗ ಎಷ್ಟನೆಯ ಪದರವೆಂದು ಎಣಿಸಿಕೊಳ್ಳುತ್ತಿದ್ದೆ.

ಒಂಬತ್ತನೆಯ ವರ್ಷ ದೊಡ್ಡಮ್ಮನ ಕಿಡ್ನಿ ಕೈಕೊಟ್ಟಿತು. ವಾಶಿಯ ಆಸ್ಪತ್ರೆಯಲ್ಲಿದ್ದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮಾರನೆಯ ಬೆಳಿಗ್ಗೆಯೇ ಮೌಶಿಯ ಫೋನು ಬಂತು. "ತಾಯೀ, ದೇವೀಚಂ ಕವಚ ಗಳೂನ್ ಪಡ್ಲಂ! ಲವ್ಕರ್ ಯಾ!" ಕವಚ ಕಳಚಿ ಬಿದ್ದಿದೆ, ಬೇಗ ಬಾ.

ನಾನು ಹೋಗುವಷ್ಟರಲ್ಲಿ ಕವಚದ ತುಂಡುಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಖಾಡಿಯ ಹಿನ್ನೀರಿಗೆ ಬಿಡಲು ಒಯ್ದಿದ್ದರು. ಕಲ್ಲಿಗೆ ಸ್ನಾನವಾಗಿತ್ತು. ಪಕ್ಕದಲ್ಲಿ ಹೊಸ ಸಿಂಧೂರ ಕಲಸಿಟ್ಟ ಬೋಗುಣಿ. ಇಷ್ಟು ವರ್ಷದಲ್ಲಿ ಮೌಶಿಯೇ ಆ ದೇವಿಯ ಪೂಜಾರಿಣಿಯಾಗಿದ್ದಳು, ಅದೊಂದೇ ನನ್ನ ಪುಣ್ಯ. "ಏಕ್ ತಾಸ್" ಎಂದಳು. ಒಂದು ಗಂಟೆ. ಕಲ್ಲಿನ ಮೈಯೆಲ್ಲ ಸೀಗೆಪುಡಿಯಿಂದ ತಿಕ್ಕಿದೆ. ಒದ್ದೆ ಕಾಗದ ಇಟ್ಟೆ. ಮೂಲೆ ಜಾರಿತು. ಮತ್ತೆ ತಿಕ್ಕಿದೆ, ಮತ್ತೆ ಇಟ್ಟೆ. ಹಿಡಿದುಕೊಂಡಿತು. ಬ್ರಷ್ಷಿನಿಂದ ಬಡಿಯತೊಡಗಿದ್ದೇ ತಡ, ಹಿಂದಿನಿಂದ ಕೂಗೆದ್ದಿತು: "ಅರೇ, ದೇವೀಲಾ ಮಾರತೇ!" ದೇವಿಯನ್ನು ಹೊಡೆಯುತ್ತಿದ್ದಾಳೆ! ನಾನು ತಿರುಗಿ ನೋಡಲಿಲ್ಲ. ಯಾರೋ ನನ್ನ ಭುಜ ಹಿಡಿದರು. ಮೌಶಿ ಗದರಿದಳು, "ಗಪ್ಪ ಬಸಾ! ಏವಢ್ಯಾ ವರ್ಷಾಂಚಾ ಭಾರ ಹೋತಾ ತಿಚ್ಯಾ ಅಂಗಾವರ್. ಮಾಲಿಶ್ ಕರತೇಯ್ ತೀ." ಸುಮ್ಮನೆ ಕೂರಿ, ಇಷ್ಟು ವರ್ಷದ ಭಾರವಿತ್ತು ಅವಳ ಮೈಮೇಲೆ, ಮಾಲೀಶು ಮಾಡುತ್ತಿದ್ದಾಳೆ. ಭುಜದ ಮೇಲಿನ ಕೈ ಸಡಿಲವಾಯಿತು. ಮಸಿ ತಟ್ಟಿದೆ. ಕಪ್ಪಿನ ನಡುವೆ ಬಿಳಿಯ ಗುರುತುಗಳು ಒಂದೊಂದಾಗಿ ಎದ್ದವು. ನಾನು ಬಾಯಿಬಿಟ್ಟು ಅತ್ತೆ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲೆ ಹಾಳೆ ಬಿಡಿಸಿದೆ. ದೊಡ್ಡಪ್ಪ ದಿಂಬು ಇಟ್ಟು ಅವರನ್ನು ಕೂರಿಸಿದರು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದರು. ಎಷ್ಟು ಹೊತ್ತಾಯಿತೋ. ಆಮೇಲೆ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಹಾಳೆಯ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ ಸರಿಸುತ್ತ ಓದಿದರು:

"ಕಪರ್ದಿಯು ಈ ನಾಡನ್ನು ಕಾಯುತ್ತಿರಲು, ದಕ್ಷಿಣದಿಂದ ಅವನೊಡನೆ ಬಂದ ಮನೆಯವರು ಈ ತೋಟವನ್ನು ಬಿಟ್ಟರು. ಇದನ್ನು ಕಾದವರಿಗೆ ಪುಣ್ಯ."

"ಮೊದಲನೇ ಕಪರ್ದಿಯಾ ದೊಡ್ಡಮ್ಮ?"

"ಹೂಂ ಕಣೇ. ಚೆನ್ನಾಗಿ ಎದ್ದಿದೆ ಅಕ್ಷರ. ಒಳಗೆ ಹೊಡೆದಿದೀಯ" ಎಂದು ನನ್ನ ಕೈ ಹಿಡಿದುಕೊಂಡರು. ಆರನೆಯ ದಿನ ಹೋದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನು ಹಟ ತೊಟ್ಟು ಒಂದು ಲೇಖನ ಬರೆದೆ. ಡೊಂಬಿವಲಿಯ ಸಂಘದವರ ಸ್ಮರಣಸಂಚಿಕೆಗೆ. ಅಂದು ಚಪ್ಪಾಳೆ ತಟ್ಟದವರು ಈಗ ತಟ್ಟಲಿ ಎಂದು. ದೊಡ್ಡಮ್ಮನ ಹೆಸರು, ಅವರು ಓದಿದ ಸಾಲುಗಳು, ಹಾಳೆಯ ಚಿತ್ರ. ಕಳಿಸುವ ಮುಂಚೆ ದೊಡ್ಡಪ್ಪನಿಗೆ ತೋರಿಸಿದೆ. ಅವರು ಓದಿ, ಮಡಚಿ, ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಇದನ್ನ ಅಚ್ಚು ಹಾಕಿಸಬೇಡಮ್ಮ."

"ಯಾಕೆ ದೊಡ್ಡಪ್ಪ?"

"ನಿನಗೆ ಹೇಳಬೇಡಿ ಅಂದಿದ್ಲು. ಆದರೆ ಇದು ಅಚ್ಚಾದರೆ ನಾಳೆ ತಿಳಿದವರು ಹಾಳೆ ನೋಡ್ತಾರೆ, ಅವಳ ಹೆಸರು ಕೆಡುತ್ತೆ." ಮಡಚಿದ್ದನ್ನು ಬಿಡಿಸಿ ಹಾಳೆಯ ಚಿತ್ರ ತೋರಿಸಿದರು. "ಅದರಲ್ಲಿ ಏನೂ ಇಲ್ಲ. ಕವಚದ ಜೊತೆ ಕಲ್ಲಿನ ಮೇಲಿನ ಪದರವೇ ಎದ್ದು ಹೋಗಿದೆಯಂತೆ. ಬೆಳ್ಳಗೆ ಕಾಣೋದೆಲ್ಲ ಬರೀ ಗುಳಿ. ನೀನು ಹೋದಮೇಲೆ ನನಗೆ ಹೇಳಿದ್ಲು, ಒಂದಕ್ಷರವೂ ಉಳಿದಿಲ್ಲ ಅಂತ."

ಮತ್ತೆ ಯಾಕೆ ಓದಿದರು ಎಂದು ಕೇಳಿದೆ.

"ಇಷ್ಟು ವರ್ಷ ನೀನು ನಮ್ಮನೆಗೆ ಬಂದಾಗಲೆಲ್ಲ ಹೊಸ್ತಿಲ ಹತ್ರ ಒಂದು ಗಳಿಗೆ ನಿಂತು, ಸಿಟ್ಟು ಹೋಗಿದೆಯಾ ಅಂತ ಅವಳ ಮುಖ ನೋಡ್ಕೊಂಡೇ ಒಳಗೆ ಬರ್ತಿದ್ದೆ. ಅದು ನನಗೆ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಿತ್ತು. 'ಆ ಹುಡುಗೀನ ಹಾಗೆ ನಿಲ್ಲಿಸಿ ನಾನು ಹೋಗೋದು ಹೇಗೆ?' ಅಂದ್ಲು."

ಲೇಖನವನ್ನು ಹರಿದು ಹಾಕಿದೆ. ರಬಾಳೆಯ ಕಲ್ಲಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ, ಓದಲು ಏನೂ ಉಳಿದಿಲ್ಲ, ಅದಕ್ಕೆ ನಾನೇ ಕಾರಣ ಎಂದು ಹೇಳುತ್ತೇನೆ. ಅದು ನಿಜ. ಇಲ್ಲದ ಅಕ್ಷರವನ್ನು ದೊಡ್ಡಮ್ಮ ಇದೆ ಎಂದು ಓದಿದ್ದು ಜೀವಮಾನದಲ್ಲಿ ಅದೊಂದೇ ಸಲ, ನನ್ನೊಬ್ಬಳಿಗಾಗಿ. ಆ ಸಾಲುಗಳು ನನಗೆ ಬಾಯಿಪಾಠ.